ಊದುಬತ್ತಿಯ ಹೊಗೆ ಮತ್ತು ಜ್ವಾಲಾಮುಖಿಯ ಬೂದಿ

ಊದುಬತ್ತಿಯ ಹೊಗೆಯ ಎಳೆಯನ್ನು ನೀವು ದಿನವೂ ನೋಡುತ್ತೀರಿ. ಎಳೆಯ ತುದಿಯಲ್ಲಿರುವ ಕಣ ಮೊದಲು ಹೊರಟದ್ದು; ಕೆಂಡದ ಬಳಿ ಇರುವುದು ಈಗಷ್ಟೇ ಹೊರಟದ್ದು. ನಡುವೆ ಗಾಳಿ ದಿಕ್ಕು ಬದಲಿಸಿದರೆ ಎರಡರ ದಾರಿಯೂ ಬೇರೆ. ಆದ್ದರಿಂದ ಆ ಎಳೆ ಯಾವುದೇ ಒಂದು ಕಣ ಸಾಗಿದ ದಾರಿಯಲ್ಲ. ಒಂದೇ ಜಾಗದಿಂದ ಬೇರೆ ಬೇರೆ ಹೊತ್ತಿಗೆ ಹೊರಟ ಕಣಗಳೆಲ್ಲ ಈ ಕ್ಷಣದಲ್ಲಿ ಎಲ್ಲಿವೆ ಎಂಬುದರ ಸಾಲು. (ಸ್ಟುಡಿಯೋದಲ್ಲಿ ಹೊಗೆಯಂತ್ರ ಒಮ್ಮೆ ಉಗುಳಿ ನಿಂತರೆ ಬರೀ ಒಂದು ಮೋಡ ತೇಲಿಹೋಗುತ್ತದೆ. ಎಳೆ ಬೇಕಾದರೆ ಯಂತ್ರ ಬಿಡುತ್ತಲೇ ಇರಬೇಕು.)

ಐಸ್‌ಲೆಂಡಿನ ಐಯಾಫ್ಯಾಟ್ಲಯೋಕುಲ್ ಜ್ವಾಲಾಮುಖಿ 2010ರ ಏಪ್ರಿಲ್ 14ರಂದು ಬೂದಿ ಉಗುಳತೊಡಗಿದಾಗ ಬ್ರಿಟನ್ನಿನ ಹವಾಮಾನ ಇಲಾಖೆ ಗಣಕದಲ್ಲಿ ಮಾಡಿದ್ದು ಇದನ್ನೇ. ಬೂದಿ ಎಂದರೆ ಹುಡುಗಾಟವಲ್ಲ. 1982ರ ಜೂನ್‌ನಲ್ಲಿ ಜಾವಾದ ಬಳಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ನಾಲ್ಕೂ ಎಂಜಿನ್‌ಗಳು ಬೂದಿಯಿಂದಾಗಿ ನಿಂತುಹೋಗಿದ್ದವು. ಕೆಳಗಿಳಿದ ಮೇಲೆ ಎಂಜಿನ್‌ಗಳು ಮತ್ತೆ ಓಡಿದ್ದರಿಂದ ಎಲ್ಲರೂ ಬದುಕಿದರು.

ಇಲಾಖೆಯ ಮಾದರಿಯ ಹೆಸರು 'ನೇಮ್'. 1986ರ ಚೆರ್ನೋಬಿಲ್ ದುರಂತದ ನಂತರ ಹುಟ್ಟಿದ್ದು. ಗಾಳಿಯ ವೇಗ, ದಿಕ್ಕು ಹವಾಮಾನ ಮುನ್ಸೂಚನೆಯಿಂದ ಸಿಗುತ್ತವೆ. ಗಣಕ ಬೂದಿಯ ಕಂಬದುದ್ದಕ್ಕೂ ಕಣಗಳನ್ನು ಎಡೆಬಿಡದೆ ಬಿಡುತ್ತಾ, ಒಂದೊಂದು ಕಣಕ್ಕೂ ಇಷ್ಟು ತೂಕದ ಬೂದಿ ಎಂದು ಹೊರಿಸುತ್ತದೆ. ಪ್ರತಿ ಹೆಜ್ಜೆಗೂ ಗಾಳಿ ಅದನ್ನು ಒಯ್ಯುತ್ತದೆ, ಸುಳಿಗಾಳಿಯ ಲೆಕ್ಕಕ್ಕೆ ಒಂದಿಷ್ಟು ಯಾದೃಚ್ಛಿಕ ಅಲುಗಾಟ ಸೇರುತ್ತದೆ, ಭಾರಕ್ಕೆ ತಕ್ಕಂತೆ ಕಣ ಕೆಳಗಿಳಿಯುತ್ತದೆ. ನೆಲ ಸೇರಿದ್ದನ್ನು ಅಳಿಸದಿದ್ದರೆ ಸಂಖ್ಯೆ ಬೆಳೆದು ಗಣಕವೇ ಕುಸಿಯುತ್ತದೆ.

ಇಲ್ಲೊಂದು ಬಲೆಯಿದೆ. ಹತ್ತು ನಿಮಿಷದ ಹೆಜ್ಜೆಯಲ್ಲಿ ಎಲ್ಲ ಕಣಗಳನ್ನೂ ಒಟ್ಟಿಗೇ ಬಿಟ್ಟರೆ, ಸೆಕೆಂಡಿಗೆ 20 ಮೀಟರ್ ಗಾಳಿಯಲ್ಲಿ ಅವು 12 ಕಿಲೋಮೀಟರಿಗೊಂದು ಗುಂಪಾಗಿ ಮಣಿಸರದಂತೆ ಸಾಗುತ್ತವೆ. ನಡುವೆ ಬೂದಿಯೇ ಇಲ್ಲವೆಂಬ ಸುಳ್ಳು ಚಿತ್ರ! ಹೊರಡುವ ಸಮಯವನ್ನು ಹತ್ತೂ ನಿಮಿಷಕ್ಕೆ ಹರಡಿದರೆ ಎಳೆ ಕೂಡಿಕೊಳ್ಳುತ್ತದೆ.

ಇದಕ್ಕಿಂತ ಕಷ್ಟದ್ದು, ಎಷ್ಟು ಬಿಡಬೇಕೆಂಬುದು. ಉಗುಳುವ ಬೂದಿಯ ಪ್ರಮಾಣ ಸುಮಾರಾಗಿ ಕಂಬದ ಎತ್ತರದ ನಾಲ್ಕನೆಯ ಘಾತದಂತೆ ಏರುತ್ತದೆ. ಎತ್ತರ ಇಮ್ಮಡಿಯಾದರೆ ಬೂದಿ ಹದಿನಾರು ಪಟ್ಟಿಗೂ ಮಿಗಿಲು. ರೇಡಾರ್ ಎತ್ತರವನ್ನು ಸ್ವಲ್ಪ ತಪ್ಪಾಗಿ ಅಳೆದರೂ ನಕ್ಷೆ ಬಹಳ ತಪ್ಪುತ್ತದೆ. ಆಗಿನ ನಿಯಮವೋ, ಬೂದಿ ಇರುವಲ್ಲಿ ಹಾರಲೇಬಾರದು ಎಂಬುದು. ಯುರೋಪಿನ ಆಕಾಶದ ಬಹುಭಾಗ ಮುಚ್ಚಿತು, ಲಕ್ಷಾಂತರ ಪ್ರಯಾಣಿಕರು ಅಲ್ಲಲ್ಲೇ ಉಳಿದರು. ಏಪ್ರಿಲ್ 20ರಂದು ಬ್ರಿಟನ್ ಹೊಸ ಮಿತಿ ಹಾಕಿತು: ಘನಮೀಟರಿಗೆ 2 ಮಿಲಿಗ್ರಾಂ. ಅಲ್ಲಿಯವರೆಗೆ ಗಣಕದ ಕಣ ಇದೆಯೇ, ಇಲ್ಲವೇ ಎಂದಷ್ಟೇ ಕೇಳುತ್ತಿದ್ದವರು ಎಷ್ಟಿವೆ ಎಂದು ಎಣಿಸತೊಡಗಿದರು.