ಕೇಳಿದವರೊಬ್ಬರು, ತೀರ್ಮಾನಿಸಿದವರು ಇನ್ನೊಬ್ಬರು

ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ ಒಮ್ಮೊಮ್ಮೆ ಸಣ್ಣಕ್ಷರದ ಪ್ರಕಟಣೆ ಕಾಣುತ್ತದೆ: ಇಂಥ ಮಾರ್ಗದ ಬಸ್ ಸಂಚಾರದ ಯೋಜನೆಗೆ ಆಕ್ಷೇಪಣೆಗಳಿದ್ದರೆ 30 ದಿನಗಳೊಳಗೆ ಸಲ್ಲಿಸತಕ್ಕದ್ದು. ನಮ್ಮಲ್ಲಿ ಬಹುತೇಕರು ಅದನ್ನು ಓದದೆ ಪುಟ ತಿರುಗಿಸುತ್ತೇವೆ. ಅದರ ಹಿಂದೆ ದೊಡ್ಡ ಹೋರಾಟವೇ ಇದೆ.

ಖಾಸಗಿ ಬಸ್ಸುಗಳ ಮಾರ್ಗಗಳನ್ನು ಸರ್ಕಾರ ವಹಿಸಿಕೊಳ್ಳತೊಡಗಿದ ಕಾಲವದು. 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ಹೊಸ ಅಧ್ಯಾಯವೊಂದು ಸೇರಿತು: ಯೋಜನೆಯನ್ನು ಮೊದಲು ಪ್ರಕಟಿಸಬೇಕು, ತಕರಾರು ಇದ್ದವರ ಅಹವಾಲು ಕೇಳಬೇಕು.

ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಅಹವಾಲು ಕೇಳಿದ್ದೇನೋ ಹೌದು. ಆದರೆ ಬಸ್ ಮಾಲೀಕರ ವಾದವನ್ನು ಆಲಿಸಿದವರು ಸಾರಿಗೆ ನೋಡಿಕೊಳ್ಳುತ್ತಿದ್ದ ಇಲಾಖೆಯ ಕಾರ್ಯದರ್ಶಿ. ಅವರು ಬರೆದಿಟ್ಟ ಕಡತ ನೋಡಿ ಯೋಜನೆಗೆ ಒಪ್ಪಿಗೆ ಕೊಟ್ಟವರು ಮುಖ್ಯಮಂತ್ರಿ. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1958ರಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸುಬ್ಬರಾವ್ ಎರಡು ತಪ್ಪುಗಳನ್ನು ಎತ್ತಿ ತೋರಿಸಿದರು. ಇಲಾಖೆಯೇ ಪಕ್ಷಗಾರನಾಗಿರುವಾಗ ಅದರ ಮುಖ್ಯಸ್ಥರೇ ವಿಚಾರಣೆ ನಡೆಸುವಂತಿಲ್ಲ. ಒಬ್ಬರು ಕೇಳಿ ಇನ್ನೊಬ್ಬರು ತೀರ್ಮಾನಿಸಿದರೆ ಅದು ವಿಚಾರಣೆಯೇ ಅಲ್ಲ. ಒಪ್ಪಿಗೆ ರದ್ದಾಯಿತು. ಬಳಿಕ ಮುಖ್ಯಮಂತ್ರಿಯೇ ಕುಳಿತು ಅಹವಾಲು ಕೇಳಬೇಕಾಯಿತು. ಆ ಕ್ರಮವನ್ನು ಕೋರ್ಟು ಎತ್ತಿಹಿಡಿಯಿತು.

ಅಲೆ ನಮ್ಮಲ್ಲಿಗೂ ಬಂತು. ಆನೇಕಲ್ ಸುತ್ತಲಿನ ಮಾರ್ಗಗಳ ಯೋಜನೆಗೆ ಬಂದ ಆಕ್ಷೇಪಣೆಗಳನ್ನು ಮೈಸೂರಿನ ಮುಖ್ಯಮಂತ್ರಿಯೇ ಆಲಿಸಿದರು. 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ಯೋಜನೆ ಉಳಿದುಕೊಂಡಿತು.

1988ರ ಕಾಯ್ದೆ ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದರಲ್ಲಿ ಕೊಟ್ಟಿತು. ಹೊಸ ಪರ್ಮಿಟ್ ಅರ್ಜಿಗಳನ್ನು ಪ್ರಕಟಿಸಿ ತಕರಾರು ಕೇಳುವ ಹಳೆಯ ಪದ್ಧತಿ ಹೋಯಿತು. ಪೈಪೋಟಿಯನ್ನು ತಡೆಯಲು ಹಳೆಯ ಮಾಲೀಕರು ಅದನ್ನೇ ಗುರಾಣಿ ಮಾಡಿಕೊಂಡಿದ್ದರಿಂದ ಅದು ಹೋದದ್ದು ನ್ಯಾಯವೇ ಎನ್ನುತ್ತೇನೆ. ಆದರೆ ಸರ್ಕಾರಿ ಸಾರಿಗೆಯ ಯೋಜನೆಗಳಿಗೆ ‘ಯಾವುದೇ ವ್ಯಕ್ತಿ’ ಆಕ್ಷೇಪಣೆ ಸಲ್ಲಿಸಬಹುದು ಎಂದು 100ನೇ ಕಲಂ ಹೇಳಿತು. ರಾಜ್ಯಪತ್ರದಲ್ಲಷ್ಟೇ ಅಲ್ಲ, ಆ ಪ್ರದೇಶದಲ್ಲಿ ಓಡಾಡುವ ಪ್ರಾದೇಶಿಕ ಭಾಷೆಯ ಒಂದು ಪತ್ರಿಕೆಯಲ್ಲಾದರೂ ಯೋಜನೆ ಅಚ್ಚಾಗಬೇಕು. ಪ್ರಕಟವಾದ ವರ್ಷದೊಳಗೆ ಅಂತಿಮವಾಗದಿದ್ದರೆ ಯೋಜನೆ ತಾನಾಗಿ ಬಿದ್ದುಹೋಗುತ್ತದೆ.

ಬಸ್ ಮಾಲೀಕರು ತಮ್ಮ ಲಾಭಕ್ಕಾಗಿ ಗೆದ್ದ ಹಕ್ಕು ಹೀಗೆ ಪ್ರಯಾಣಿಕರ ಕೈಗೂ ಬಂದಿದೆ. ನಾವು ಮಾತ್ರ ಅದನ್ನು ಬಳಸುತ್ತಿಲ್ಲ. ಮುಂದಿನ ಸಲ ಅಂಥ ಪ್ರಕಟಣೆ ಕಂಡರೆ ಕತ್ತರಿಸಿಟ್ಟುಕೊಳ್ಳಿ. 30 ದಿನಗಳ ಲೆಕ್ಕ ರಾಜ್ಯಪತ್ರದ ದಿನಾಂಕದಿಂದ ಶುರುವಾಗುತ್ತದೆ, ಪತ್ರಿಕೆಯದ್ದರಿಂದಲ್ಲ. ನಿಮ್ಮೂರಿಗೆ ಯಾವ ಹೊತ್ತಿಗೆ ಬಸ್ ಬೇಕು, ಯಾವ ಶಾಲೆಯ ಮಕ್ಕಳು ನಡೆದು ಹೋಗುತ್ತಿದ್ದಾರೆ ಎಂದು ಬರೆಯಿರಿ. ಕೊನೆಗೆ, ಖುದ್ದಾಗಿ ಅಹವಾಲು ಹೇಳಿಕೊಳ್ಳುವ ಇಚ್ಛೆಯಿದೆ ಎಂಬ ಒಂದು ಸಾಲು ಮರೆಯದೆ ಸೇರಿಸಿ. ಕಾಯ್ದೆ ಆ ಅವಕಾಶ ಕೊಡುವುದು ಬಯಸಿದವರಿಗೆ.