ಇಳಿಜಾರೇ ವ್ಯಾಯಾಮಶಾಲೆ

‘ಊರಿನಲ್ಲಿ ಸಲಕರಣೆಗಳಿರುವ ವ್ಯಾಯಾಮಶಾಲೆ ಇಲ್ಲ, ಕಾಲಿಗೆ ಬಲ ಬರುವುದು ಹೇಗೆ?’ ಮೂಡಿಗೆರೆ, ಕಳಸದ ಕಡೆಯ ವಿದ್ಯಾರ್ಥಿಗಳಾದ ನೀವು ಹೀಗೆ ಕೇಳಬಹುದು. ಉತ್ತರ ನಿಮ್ಮ ಕಾಫಿ ತೋಟದ ಇಳಿಜಾರಿನಲ್ಲೇ ಇದೆ.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಹತ್ತುವಾಗ ಏದುಸಿರು ಬರುತ್ತದೆ. ತೊಡೆ ನಡುಗುವುದು ಮಾತ್ರ ಇಳಿಯುವಾಗ. ಏಕೆ? ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತಾ, ಬ್ರೇಕಿನಂತೆ ಭಾರವನ್ನು ತಡೆಯುತ್ತದೆ. ಹೀಗೆ ಹಿಗ್ಗುವಾಗ ಸ್ನಾಯು ಹೆಚ್ಚು ಭಾರ ತಾಳಬಲ್ಲದು. ಅದರ ಎಳೆಗಳಿಗೆ ಸೂಕ್ಷ್ಮ ಪೆಟ್ಟೂ ಬೀಳುತ್ತದೆ. ಮರುದಿನದ ನೋವಿಗೆ ಕಾರಣ ಇದು, ಲ್ಯಾಕ್ಟಿಕ್ ಆಮ್ಲವಲ್ಲ. ವಿಶ್ರಾಂತಿ ಸಿಕ್ಕರೆ ಸ್ನಾಯು ದುರಸ್ತಿಗೊಂಡು ಮುಂದಿನ ಬಾರಿಗೆ ಸಿದ್ಧವಾಗುತ್ತದೆ.

ಮಳೆಗಾಲದಲ್ಲಿ ಇಳಿಜಾರು ಜಾರುತ್ತದೆ. ಆಗ ಮನೆಯ ಮೆಟ್ಟಿಲೇ ಸಾಕು. ಮೆಟ್ಟಿಲಿನ ಮೇಲೆ ಒಂದೇ ಕಾಲಿನಲ್ಲಿ ನಿಂತು ಗೋಡೆ ಹಿಡಿದುಕೊಳ್ಳಿ. ಆ ಮೊಣಕಾಲನ್ನು ಮಡಿಸುತ್ತಾ, ನಾಲ್ಕು ಎಣಿಸುವಷ್ಟು ನಿಧಾನವಾಗಿ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ. ಮೊಣಕಾಲು ಪಾದದ ನೇರಕ್ಕಿರಲಿ, ಒಳಗೆ ವಾಲದಿರಲಿ. ಪ್ರತಿ ಕಾಲಿಗೆ 8 ಬಾರಿ, ವಾರಕ್ಕೆ 2 ದಿನ ಮಾಡಿ. ಸುಲಭವೆನಿಸಿದಾಗ ಪುಸ್ತಕದ ಚೀಲವನ್ನು ಹೆಗಲಿಗೇರಿಸಿ. ಕೀಲಿನಲ್ಲೇ ನೋವು ಬಂದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಇಳಿಯುವಾಗ ಅವಸರ ಬೇಡ. ಬಲ ಬರುವುದು ಅಲ್ಲೇ.