ಹಳೇ ಕಾರಿಗೆ ವೀಲ್ ಅಲೈನ್‌ಮೆಂಟ್: ಅಂಗಡಿ ಆರಿಸುವ ಮುನ್ನ

ಮಕ್ಕಳನ್ನು ಶಾಲೆಗೆ ಬಿಡಲು ನಿಮ್ಮ ಮನೆಯಲ್ಲೂ ಹಳೇ ಮಾರುತಿ 800 ಇದೆಯೇ? ನೇರ ರಸ್ತೆಯಲ್ಲೂ ಅದು ಒಂದೇ ಕಡೆ ಎಳೆಯುತ್ತಿದೆಯೇ? ಟೈರಿನ ಒಂದು ಅಂಚು ಮಾತ್ರ ಸವೆದಿದೆಯೇ? ಅಲೈನ್‌ಮೆಂಟ್ ತಪ್ಪಿರಬಹುದು. ಹಾಗಂತ ಬೋರ್ಡ್ ಕಂಡ ಕಡೆಯೆಲ್ಲ ಕಾರು ನಿಲ್ಲಿಸಬೇಡಿ.

ಮೊದಲು ಗಾಳಿ ಚೆಕ್ ಮಾಡಿಸಿ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಕಾರು ಎಳೆಯುತ್ತದೆ.

2014ರಲ್ಲೇ ತಯಾರಿಕೆ ನಿಂತ ಕಾರಿದು. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬುಷ್ ಸವೆದಿರುವುದು ಸಾಮಾನ್ಯ. ಅವು ಸಡಿಲವಿದ್ದರೆ ಎಂಥ ಕಂಪ್ಯೂಟರ್ ಮೆಷಿನ್‌ನಲ್ಲಿ ಹೊಂದಿಸಿದರೂ ದುಡ್ಡು ದಂಡ. ಬಾಲ್ ಜಾಯಿಂಟ್ ಕಳಚಿಕೊಂಡರಂತೂ ಜೀವಕ್ಕೇ ಅಪಾಯ. ಆದ್ದರಿಂದ ಕಾರನ್ನು ಎತ್ತಿ, ಚಕ್ರ ಅಲ್ಲಾಡಿಸಿ ನೋಡಿದ ಮೇಲೆಯೇ ಮೆಷಿನ್ ಜೋಡಿಸುವ ಅಂಗಡಿ ಹುಡುಕಿ.

ಹೀಗೆ ಕೇಳಲು ಸಂಕೋಚ ಬೇಡ:

* ಕೆಲಸಕ್ಕೆ ಮೊದಲಿನ ಮತ್ತು ನಂತರದ ಅಳತೆ, ಎರಡರ ಪ್ರಿಂಟೂ ಕೊಡ್ತೀರಾ?

* ‘ಕ್ಯಾಂಬರ್ ಔಟ್’ ಅಂತ ಹೆಚ್ಚಿಗೆ ದುಡ್ಡು ಕೇಳಿದರೆ, ಯಾವ ಭಾಗ ಬಾಗಿದೆ, ತೋರಿಸಿ.

* ಬದಲಿಸಿದ ಹಳೇ ಭಾಗ ಕೈಗೆ ಕೊಡಿ.

ಬಿಲ್ ಕೊಡುವ ಮುನ್ನ ಒಂದು ಸುತ್ತು ಓಡಿಸಿ. ಕಾರು ನೇರ ಹೋಗುವಾಗ ಸ್ಟಿಯರಿಂಗೂ ನೇರ ಇರಬೇಕು. ಓರೆಯಿದ್ದರೆ ಅಲ್ಲೇ ಸರಿಮಾಡಿಸಿ. ತರಕಾರಿಯನ್ನೇ ಆರಿಸಿ ಕೊಳ್ಳುವ ನಮಗೆ ಇದೇನು ಕಷ್ಟ ಅಲ್ವಾ?